ಬೆಳಕು ಬಿದ್ದರೆ ಎಚ್ಚರಾಗುವ ಔಷಧಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಕ್ಯಾನ್ಸರ್ ಔಷಧಿಗಳ ಬಗ್ಗೆ ತುಂಬ ಪ್ರಶ್ನೆ ಬಂದಿವೆ. ಅವನ್ನು ಜೀವಂತ ಮೈಯೊಳಗೆ ಕ್ಯಾಮೆರಾದಿಂದ ನೋಡುವುದು ಹೇಗೆ ಅಂತಲೂ ಹಲವರು ಕೇಳಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಕೆಲವಕ್ಕೆ ಎರಡು ಮಾತು ಸಾಕಾಯಿತು, ಕೆಲವಕ್ಕೆ ಪುಟವೇ ಬೇಕಾಯಿತು.

ಪ್ರಶ್ನೆ: ಔಷಧಿ ಕೊಟ್ಟು, ಆಮೇಲೆ ಬೆಳಕು ಬಿಟ್ಟರೆ ಕ್ಯಾನ್ಸರ್ ಕೋಶಗಳು ಸಾಯುತ್ತವೆ ಅಂತ ಓದಿದೆ. ಅಂದರೆ ಲೇಸರ್‌ನಿಂದ ಸುಡುತ್ತಾರಾ?

ಇಲ್ಲ, ಸುಡುವುದಿಲ್ಲ. ಇಲ್ಲಿ ಬಳಸುವ ಬೆಳಕು ಅಷ್ಟು ಜೋರಾಗಿರುವುದೇ ಇಲ್ಲ. ಬರೀ ಬೆಳಕು ಬಿಟ್ಟರೆ ಕೋಶಕ್ಕೆ ಏನೂ ಆಗುವುದಿಲ್ಲ, ಬರೀ ಔಷಧಿ ಕೊಟ್ಟರೂ ಹೆಚ್ಚುಕಡಿಮೆ ಹಾಗೇ. ಎರಡೂ ಒಂದೇ ಜಾಗದಲ್ಲಿ ಸೇರಬೇಕು, ಆ ಜಾಗದಲ್ಲಿ ಆಕ್ಸಿಜನ್ನೂ ಇರಬೇಕು. ಔಷಧಿಯ ಅಣು ಬೆಳಕನ್ನು ಹೀರಿಕೊಂಡು, ಆ ಶಕ್ತಿಯನ್ನು ಪಕ್ಕದಲ್ಲಿರುವ ಆಕ್ಸಿಜನ್‌ಗೆ ದಾಟಿಸುತ್ತದೆ. ಆಗ ಹುಟ್ಟುವುದು ಸಿಂಗ್ಲೆಟ್ ಆಕ್ಸಿಜನ್. ಅದು ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಹಾಳು ಮಾಡುವ ಜಾತಿಯದು. ಕೋಶದ ಪೊರೆ, ಪ್ರೋಟೀನು, ಯಾವುದನ್ನೂ ಬಿಡುವುದಿಲ್ಲ. ಆದರೆ ಅದರ ಆಯಸ್ಸು ಹೆಚ್ಚೆಂದರೆ ಕೆಲವು ಮೈಕ್ರೋಸೆಕೆಂಡ್. ಅಷ್ಟರಲ್ಲಿ ಒಂದು ಜೀವಕೋಶದ ಅಗಲವನ್ನೂ ಅದು ದಾಟಲಾರದು. ಹಾಗಾಗಿ ಔಷಧಿ ಕೋಶದ ಯಾವ ಮೂಲೆಯಲ್ಲಿ ಕೂತಿದೆಯೋ ಪೆಟ್ಟು ಬೀಳುವುದೂ ಅಲ್ಲೇ.

ಈ ಸಂಗತಿ ಗೊತ್ತಾಗಿ ನೂರು ವರ್ಷದ ಮೇಲಾಯಿತು. ಮ್ಯೂನಿಕ್‌ನಲ್ಲಿ ಹೆರ್ಮನ್ ಫಾನ್ ಟಾಪೈನರ್ ಅವರ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡೀನ್ ಅನ್ನುವ ಬಣ್ಣ ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿಗಳನ್ನು ಕೊಲ್ಲಲು ಎಷ್ಟು ಹೊತ್ತು ಬೇಕು ಅಂತ ಅಳೆಯುತ್ತಿದ್ದರು. ಲೆಕ್ಕ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರಲಿಲ್ಲ. ಔಷಧಿ ಅಷ್ಟೇ, ಕೋಣೆಯ ಬೆಳಕು ಮಾತ್ರ ಬೇರೆಯಾಗಿತ್ತು. 1900ರಲ್ಲಿ ಅದನ್ನು ಪ್ರಕಟಿಸಿದರು. ಟಾಪೈನರ್ ಇದಕ್ಕೆ ಫೋಟೋಡೈನಾಮಿಕ್ ಕ್ರಿಯೆ ಅಂತ ಹೆಸರಿಟ್ಟರು. ಇವತ್ತು ಆಸ್ಪತ್ರೆಗಳಲ್ಲಿ ಪಿಡಿಟಿ ಅನ್ನುವುದು, ಅಂದರೆ ಫೋಟೋಡೈನಾಮಿಕ್ ಥೆರಪಿ, ಹುಟ್ಟಿದ್ದು ಅಲ್ಲಿಂದಲೇ. ಔಷಧಿಯಾಗಿ ಮೊದಲು ಒಪ್ಪಿಗೆ ಸಿಕ್ಕಿದ್ದು ಫೋಟೋಫ್ರಿನ್‌ಗೆ, 1993ರಲ್ಲಿ, ಕೆನಡಾದಲ್ಲಿ, ಮೂತ್ರಕೋಶದ ಕ್ಯಾನ್ಸರ್‌ಗೆ. ಅದಕ್ಕಿಂತ ಮೊದಲಿನ ವರ್ಷಗಳಲ್ಲಿ ಅಮೆರಿಕದ ಬಫಲೋದಲ್ಲಿ ಥಾಮಸ್ ಡೌಗರ್ಟಿ ಪಟ್ಟುಹಿಡಿದು ಮಾಡಿದ ಕೆಲಸ ಇಲ್ಲದಿದ್ದರೆ ಇದು ಪ್ರಯೋಗಾಲಯದಲ್ಲೇ ಉಳಿದಿರುತ್ತಿತ್ತು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಈ ಔಷಧಿಗಳು ಬೆಳಕು ಬಿದ್ದಾಗ ಹೊಳೆಯುತ್ತವಂತೆ. ಹಾಗಾದರೆ ಕೆಲಸ ಸುಲಭ ಅಲ್ವಾ? ಕ್ಯಾಮೆರಾ ಹಿಡಿದರೆ ಎಲ್ಲಿ ಎಷ್ಟು ಔಷಧಿ ಸೇರಿದೆ ಅಂತ ಗೊತ್ತಾಗಬೇಕು.

ಎಲ್ಲಿ ಅನ್ನುವುದು ಒಂದು ಮಟ್ಟಕ್ಕೆ ಗೊತ್ತಾಗುತ್ತದೆ. ಎಷ್ಟು ಅನ್ನುವುದೇ ಕಷ್ಟ. ಈ ಕ್ಷೇತ್ರದ ಅರ್ಧ ತಲೆಬಿಸಿ ಇರುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಳಕು ಹೀರಿಕೊಂಡ ಅಣುವಿನ ಮುಂದೆ ಕೆಲವೇ ದಾರಿ ಇರುತ್ತವೆ. ಶಕ್ತಿಯನ್ನು ಆಕ್ಸಿಜನ್‌ಗೆ ಕೊಡಬಹುದು, ಶಾಖವಾಗಿ ಕಳೆದುಕೊಳ್ಳಬಹುದು, ಇಲ್ಲವೇ ಬೇರೆ ಬಣ್ಣದ ಬೆಳಕಾಗಿ ವಾಪಸ್ ಬಿಡಬಹುದು. ಈ ಕೊನೆಯದೇ ಫ್ಲೋರೆಸೆನ್ಸ್. ಪ್ರೋಟೋಪಾರ್ಫಿರಿನ್-9 ಅನ್ನುವ, ಬೆಳಕಿಗೆ ಎಚ್ಚರಾಗುವ ವಸ್ತುವನ್ನೇ ತೆಗೆದುಕೊಳ್ಳಿ. ಅದಕ್ಕೆ 405 ನ್ಯಾನೋಮೀಟರ್‌ನ (ಇದು ಬೆಳಕಿನ ಅಲೆಯುದ್ದದ ಅಳತೆ, ಸಂಖ್ಯೆ ಹೆಚ್ಚಿದಂತೆ ಬೆಳಕು ಕೆಂಪಿನ ಕಡೆಗೆ) ನೇರಳೆ-ನೀಲಿ ಬೆಳಕು ಬಿಟ್ಟರೆ 635ರ ಹತ್ತಿರ ಕೆಂಪಾಗಿ ಹೊಳೆಯುತ್ತದೆ, 705ರ ಸುತ್ತ ಇನ್ನೊಂದು ಸಣ್ಣ ಹೊಳಪೂ ಇದೆ. ಕ್ಯಾಮೆರಾ ಮುಂದೆ ನೀಲಿ ಬೆಳಕನ್ನು ತಡೆಯುವ ಫಿಲ್ಟರ್ ಹಾಕಿದರೆ ಕೆಂಪು ಮಾತ್ರ ಉಳಿಯುತ್ತದೆ. ಹೇಳಲು ಇಷ್ಟೇ.

ಮಾಡಲು ಹೋದಾಗ ಮೊದಲ ತೊಂದರೆ ಮೈಯದೇ ಹೊಳಪು. ಚರ್ಮದ ಕೊಲಾಜೆನ್ ಹೊಳೆಯುತ್ತದೆ, ಕೋಶದೊಳಗಿನ ಎನ್‌ಎಡಿಎಚ್ ಅನ್ನುವ ಅಣು ಹೊಳೆಯುತ್ತದೆ. ಔಷಧಿಯನ್ನೇ ಕೊಡದ ಮುಖದ ಮೇಲೆ ಈ ನೀಲಿ ದೀಪ ಬಿಟ್ಟು ನೋಡಿ, ಮೂಗಿನ ಪಕ್ಕ, ಹಣೆ ಮೇಲೆ ಕೆಂಪು-ಕಿತ್ತಳೆ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಗ್ರಂಥಿಗಳಲ್ಲಿರುವ ಬ್ಯಾಕ್ಟೀರಿಯಾ ತಯಾರಿಸಿಟ್ಟ, ಇದೇ ಜಾತಿಯ ಪಾರ್ಫಿರಿನ್. ಪ್ರಯೋಗದ ಇಲಿಗಳ ಕಥೆ ಇನ್ನೂ ಸ್ವಾರಸ್ಯ. ಅವುಗಳ ಮಾಮೂಲಿ ಆಹಾರದಲ್ಲಿ ಆಲ್ಫಾಲ್ಫಾ ಸೊಪ್ಪು ಇರುತ್ತದೆ, ಸೊಪ್ಪಿನಲ್ಲಿ ಕ್ಲೋರೋಫಿಲ್ ಇರುತ್ತದೆ, ಕ್ಲೋರೋಫಿಲ್ ಕೆಂಪಾಗಿ ಹೊಳೆಯುತ್ತದೆ. ಹೊಟ್ಟೆ ಪೂರ್ತಿ ಹೊಳೆಯುತ್ತಿರುವ ಚಿತ್ರ ನೋಡಿ ಔಷಧಿ ಕರುಳಿಗೆ ಹೋಗಿದೆ ಅಂದುಕೊಂಡರೆ ಕೆಟ್ಟಿತು. ಅದಕ್ಕೇ ಚಿತ್ರ ತೆಗೆಯುವ ಕೆಲವು ದಿನ ಮೊದಲೇ ಇಲಿಗಳಿಗೆ ಆಲ್ಫಾಲ್ಫಾ ಇಲ್ಲದ ಆಹಾರ ಕೊಡುತ್ತಾರೆ.

ಎರಡನೆಯದು ರಕ್ತ. ಹಿಮೋಗ್ಲೋಬಿನ್ ನೀಲಿಯನ್ನೂ ಹಸಿರನ್ನೂ ಚೆನ್ನಾಗಿ ಹೀರುತ್ತದೆ. ಎರಡು ಗೆಡ್ಡೆಗಳಲ್ಲಿ ಔಷಧಿ ಒಂದೇ ಪ್ರಮಾಣದಲ್ಲಿದ್ದರೂ, ರಕ್ತ ಜಾಸ್ತಿ ಇರುವ ಗೆಡ್ಡೆ ಮಂಕಾಗಿ ಕಾಣುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಮೇಲೆ ಒಂದು ತೆಳು ಪದರ ರಕ್ತ ಹರಡಿದರೂ ಸಾಕು, ಹೊಳಪು ಮಾಯ. ಒರೆಸಿ ಮತ್ತೆ ನೋಡಬೇಕು. ಇದಕ್ಕೆ ಪರಿಹಾರ ಅಂದರೆ, ಫ್ಲೋರೆಸೆನ್ಸ್ ಜೊತೆಗೆ ಅದೇ ಜಾಗದಿಂದ ವಾಪಸ್ ಬರುವ ಮಾಮೂಲಿ ಬೆಳಕನ್ನೂ ಅಳೆದು, ಎರಡರ ಅನುಪಾತ ತೆಗೆದು, ಅಂಗಾಂಶ ಎಷ್ಟು ಬೆಳಕು ನುಂಗಿತು ಅನ್ನುವುದನ್ನು ಲೆಕ್ಕದಿಂದ ಕಳೆಯುವುದು. ಪೂರ್ತಿ ಸರಿಹೋಗುವುದಿಲ್ಲ, ಆದರೂ ಸುಮ್ನೆ ಚಿತ್ರ ನೋಡಿ ಹೇಳುವುದಕ್ಕಿಂತ ಎಷ್ಟೋ ವಾಸಿ.

ಮೂರನೆಯದು ಔಷಧಿಯ ಸ್ವಭಾವ. ಅಣುಗಳು ಒತ್ತೊತ್ತಾಗಿ ಗುಂಪುಗೂಡಿದರೆ ಹೊಳಪು ಆರಿಹೋಗುತ್ತದೆ. ಅಂದರೆ ಔಷಧಿ ತುಂಬ ಇರುವ ಜಾಗವೇ ಕತ್ತಲಾಗಿ ಕಾಣುವುದೂ ಉಂಟು! ಇದನ್ನೇ ಉಪಯೋಗಿಸಿಕೊಳ್ಳುವವರೂ ಇದ್ದಾರೆ. ಅಣುಗಳನ್ನು ಬೇಕೆಂದೇ ಕಟ್ಟಿಹಾಕಿ ಹೊಳಪು ಆರಿಸಿಟ್ಟು, ಗೆಡ್ಡೆಯ ಕಿಣ್ವಗಳು ಆ ಕಟ್ಟು ಬಿಡಿಸಿದಾಗ ಮಾತ್ರ ಹೊಳೆಯುವಂತೆ ವಿನ್ಯಾಸ ಮಾಡುತ್ತಾರೆ.

ಹೊಳಪು ಜಾಸ್ತಿ ಇದೆ ಅಂದ ಮಾತ್ರಕ್ಕೆ ಔಷಧಿ ಜಾಸ್ತಿ ಇದೆ ಅಂತಲ್ಲ. ಔಷಧಿ ಇದೆ ಅಂದ ಮಾತ್ರಕ್ಕೆ ಕೋಶ ಸತ್ತಿದೆ ಅಂತಂತೂ ಅಲ್ಲವೇ ಅಲ್ಲ. ಬಣ್ಣಬಣ್ಣದ ಚಿತ್ರ ಹಾಕಿ, ‘ನೋಡಿ, ನಮ್ಮ ಔಷಧಿ ಹೇಗೆ ಗೆಡ್ಡೆಗೇ ಹೋಗಿ ಕೂತಿದೆ’ ಅನ್ನುವ ವರದಿ ಓದಿದಾಗ, ಈ ತಿದ್ದುಪಡಿಗಳನ್ನೆಲ್ಲ ಮಾಡಿದ್ದಾರಾ ಅಂತ ಮೊದಲು ನೋಡಿ.

ಪ್ರಶ್ನೆ: ಚಿತ್ರ ತೆಗೆಯಲೂ ಬೆಳಕು ಬೇಕು, ಔಷಧಿ ಎಬ್ಬಿಸಲೂ ಬೆಳಕೇ ಬೇಕು. ಹಾಗಾದರೆ ಚಿತ್ರ ತೆಗೆಯುವಾಗಲೇ ಚಿಕಿತ್ಸೆ ಶುರುವಾಗಿಬಿಡುವುದಿಲ್ಲವೇ?

ತುಂಬ ಒಳ್ಳೆಯ ಪ್ರಶ್ನೆ. ಹೌದು, ಶುರುವಾಗುತ್ತದೆ. ನೋಡುವ ಬೆಳಕು, ಕೊಲ್ಲುವ ಬೆಳಕು ಅಂತ ಅಣುವಿಗೆ ಭೇದ ಇಲ್ಲ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ ಮಾತ್ರ.

ಲೆಕ್ಕ ನೋಡಿ. ಚರ್ಮದ ಮೇಲಿನ ಆಕ್ಟಿನಿಕ್ ಕೆರಟೋಸಿಸ್ ಅನ್ನುವ ಕ್ಯಾನ್ಸರ್-ಪೂರ್ವ ಕಲೆಗಳಿಗೆ ನೀಲಿ ದೀಪದಲ್ಲಿ ಕೊಡುವ ಪ್ರಮಾಣ ಒಂದು ಚದರ ಸೆಂಟಿಮೀಟರ್‌ಗೆ 10 ಜೂಲ್. ಆ ದೀಪ ಸೆಕೆಂಡಿಗೆ ಚದರ ಸೆಂಟಿಮೀಟರ್‌ಗೆ 10 ಮಿಲಿಜೂಲ್ ಕೊಡುತ್ತದೆ, ಹಾಗಾಗಿ ರೋಗಿ 1000 ಸೆಕೆಂಡ್, ಅಂದರೆ 16 ನಿಮಿಷ 40 ಸೆಕೆಂಡ್ ಅದರ ಎದುರು ಕೂರಬೇಕು. ಅದೇ ದೀಪದಿಂದ ಅರ್ಧ ಸೆಕೆಂಡ್ ಬೆಳಕು ಬಿಟ್ಟು ಒಂದು ಚಿತ್ರ ತೆಗೆದರೆ ಖರ್ಚಾಗುವುದು ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟಕ್ಕೆ ಏನೂ ತೊಂದರೆ ಇಲ್ಲ. ಆದರೆ ಮೈಕ್ರೋಸ್ಕೋಪ್ ಕೆಳಗೆ ಲೇಸರನ್ನು ಒಂದೇ ಚುಕ್ಕೆಗೆ ಕೂಡಿಸಿ ಮತ್ತೆ ಮತ್ತೆ ಓಡಿಸಿದರೆ ಕಥೆಯೇ ಬೇರೆ. ಔಷಧಿ ಎಲ್ಲಿಗೆ ಹೋಗುತ್ತದೆ ನೋಡೋಣ ಅಂತ ಕೂತವರ ಕಣ್ಣೆದುರೇ ಕೋಶಗಳ ಪೊರೆ ಗುಳ್ಳೆ ಏಳುತ್ತದೆ.

ಇದಕ್ಕೆ ಇನ್ನೊಂದು ಮುಖ ಇದೆ, ಅದು ಉಪಯೋಗಕ್ಕೆ ಬರುವಂಥದ್ದು. ಬೆಳಕು ಬೀಳುತ್ತ ಹೋದ ಹಾಗೆ ಔಷಧಿಯೂ ಸಿಂಗ್ಲೆಟ್ ಆಕ್ಸಿಜನ್ನಿನ ಪೆಟ್ಟಿಗೆ ಸಿಕ್ಕಿ ತಾನೇ ಹಾಳಾಗುತ್ತದೆ, ಹೊಳಪು ಕುಗ್ಗುತ್ತದೆ. ಇದಕ್ಕೆ ಫೋಟೋಬ್ಲೀಚಿಂಗ್ ಅನ್ನುತ್ತಾರೆ. ಚಿಕಿತ್ಸೆ ನಡೆಯುವಾಗ ನಡುನಡುವೆ ಹೊಳಪು ಅಳೆಯುತ್ತಿದ್ದರೆ, ಅದು ಎಷ್ಟು ಬೇಗ ಕುಗ್ಗುತ್ತಿದೆ ಅನ್ನುವುದರಿಂದ ಕೆಲಸ ಎಷ್ಟು ನಡೆದಿದೆ ಅಂತ ಅಂದಾಜು ಮಾಡಬಹುದು. ಹೊಳಪು ಕುಗ್ಗುತ್ತಲೇ ಇಲ್ಲ ಅಂದರೆ ಏನೋ ಕೊರತೆ ಇದೆ. ಬೆಳಕು ತಲುಪುತ್ತಿಲ್ಲ, ಇಲ್ಲವೇ ಆಕ್ಸಿಜನ್ ಮುಗಿದಿದೆ. ಎಲ್ಲ ಔಷಧಿಯಲ್ಲೂ ಈ ಲೆಕ್ಕ ಒಂದೇ ಥರ ಹೊಂದುವುದಿಲ್ಲ, ಯಾಕೆಂದರೆ ಕೆಲವು ಅಣುಗಳು ಆಕ್ಸಿಜನ್ ಇಲ್ಲದೆಯೂ ಬೇರೆ ದಾರಿಯಲ್ಲಿ ಹಾಳಾಗುತ್ತವೆ. ಆದರೂ ರೋಗಿಯ ಪಕ್ಕದಲ್ಲೇ, ಆ ಹೊತ್ತಿಗೇ ಸಿಗುವ ಮಾಹಿತಿ ಇದು, ನನ್ನ ಮಟ್ಟಿಗೆ ಬಹಳ ಬೆಲೆಯುಳ್ಳದ್ದು.

ಪ್ರಶ್ನೆ: ಬೆಳಕು ಮೈಯೊಳಗೆ ಎಷ್ಟು ಆಳಕ್ಕೆ ಹೋಗುತ್ತದೆ? ಲಿವರ್‌ನಲ್ಲಿರುವ ಗೆಡ್ಡೆ ಹೊರಗಿಂದ ಕಾಣುತ್ತದಾ?

ಹೊರಗಿಂದ ಕಾಣುವುದಿಲ್ಲ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಮೇಲೆ ಬೆರಳು ಒತ್ತಿ ಹಿಡಿದು ನೋಡಿ. ದೀಪ ಬಿಳಿಯದು, ಆಚೆ ಬರುವುದು ಕೆಂಪು ಮಾತ್ರ. ನೀಲಿ, ಹಸಿರು ಎಲ್ಲ ರಕ್ತದಲ್ಲೇ ಮುಗಿದುಹೋದವು. ಇನ್ನೊಂದು ಗಮನಿಸಿ, ಬೆರಳಿನೊಳಗೆ ಮೂಳೆ ಇದೆ, ಆದರೆ ಅದರ ಅಂಚು ಸ್ಪಷ್ಟವಾಗಿ ಕಾಣುವುದಿಲ್ಲ. ಕೆಂಪು ಬೆಳಕು ದಾಟಿ ಬಂದರೂ ನೇರವಾಗಿ ಬಂದಿಲ್ಲ, ದಾರಿಯುದ್ದಕ್ಕೂ ಅಲ್ಲಿ ಇಲ್ಲಿ ಬಡಿದು ಚದುರಿ ಬಂದಿದೆ. ದಟ್ಟ ಮಂಜಿನಲ್ಲಿ ಎದುರಿಗೆ ಬರುವ ಗಾಡಿಯ ದೀಪದ ಹಾಗೆ. ಬೆಳಕು ಕಾಣುತ್ತದೆ, ಗಾಡಿ ಕಾಣುವುದಿಲ್ಲ.

ಸುಮಾರು 650ರಿಂದ 900 ನ್ಯಾನೋಮೀಟರ್ ನಡುವೆ ಹಿಮೋಗ್ಲೋಬಿನ್ನೂ ನೀರೂ ಎರಡೂ ಕಡಿಮೆ ಹೀರುತ್ತವೆ. ಬೆಳಕಿಗೆ ಮೈಯಲ್ಲಿ ಇರುವ ಕಿಟಕಿ ಅದು. ಅದಕ್ಕೇ ಹೊಸ ಔಷಧಿಗಳೆಲ್ಲ ಆ ಕಡೆ ಸರಿಯುತ್ತಿವೆ. ಫೋಟೋಫ್ರಿನ್‌ಗೆ 630ರ ಬೆಳಕು ಬೇಕು, ಅದು ಪರಿಣಾಮಕಾರಿಯಾಗುವುದು ಮೇಲ್ಮೈಯಿಂದ ಅರ್ಧ ಸೆಂಟಿಮೀಟರ್‌ವರೆಗೆ, ತುಂಬ ಹೆಚ್ಚೆಂದರೆ ಒಂದು ಸೆಂಟಿಮೀಟರ್. ಟೆಮೊಪೋರ್ಫಿನ್‌ಗೆ 652, ಟಾಲಪೋರ್ಫಿನ್‌ಗೆ 664, ವರ್ಟೆಪೋರ್ಫಿನ್‌ಗೆ 690ರ ಹತ್ತಿರ, ಪಡೆಲಿಪೋರ್ಫಿನ್‌ಗೆ 753. ಅದಕ್ಕಿಂತ ತುಂಬ ಮುಂದಕ್ಕೆ ಹೋದರೆ ಬೆಳಕಿನ ಕಣದಲ್ಲಿ ಆಕ್ಸಿಜನ್ನನ್ನು ಎಬ್ಬಿಸುವಷ್ಟು ಶಕ್ತಿಯೇ ಉಳಿಯುವುದಿಲ್ಲ. ಹಾಗಾಗಿ ಆಳದ ಆಸೆಗೂ ಒಂದು ಮಿತಿ ಇದೆ.

ಚಿತ್ರ ತೆಗೆಯುವ ವಿಧಾನಗಳಲ್ಲೂ ಇದೇ ಜಗ್ಗಾಟ. ಎರಡು ಬೆಳಕಿನ ಕಣಗಳನ್ನು ಒಟ್ಟಿಗೆ ಹೀರಿಸಿ ಹೊಳೆಯಿಸುವ ಟೂ-ಫೋಟಾನ್ ಮೈಕ್ರೋಸ್ಕೋಪನ್ನು 1990ರಲ್ಲಿ ವಿನ್‌ಫ್ರೀಡ್ ಡೆಂಕ್, ಜೇಮ್ಸ್ ಸ್ಟ್ರಿಕ್ಲರ್, ವಾಟ್ ವೆಬ್ ತೋರಿಸಿಕೊಟ್ಟರು. ಅದರಲ್ಲಿ ಒಂದೊಂದು ಕೋಶವೂ ಸ್ಪಷ್ಟ, ಆದರೆ ಆಳ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಒಳಗೇ. ಫೋಟೋಅಕೌಸ್ಟಿಕ್ ವಿಧಾನದಲ್ಲಿ ಬೆಳಕಿನ ಪಲ್ಸ್ ಕೊಟ್ಟು, ಅದನ್ನು ಹೀರಿದ ಜಾಗ ಚೂರು ಬಿಸಿಯಾಗಿ ಹಿಗ್ಗಿ ಹೊರಡಿಸುವ ಶಬ್ದವನ್ನು ಕೇಳುತ್ತಾರೆ. ಶಬ್ದ ಬೆಳಕಿನಷ್ಟು ಚದುರುವುದಿಲ್ಲ, ಹಾಗಾಗಿ ಕೆಲವು ಸೆಂಟಿಮೀಟರ್ ಆಳಕ್ಕೆ ಹೋಗಬಹುದು, ಆದರೆ ಕೋಶ ಕೋಶ ಬಿಡಿಸಿ ಕಾಣುವುದಿಲ್ಲ. ಅಂಚಿನಲ್ಲೆಲ್ಲ ಫೈಬರ್ ಇಟ್ಟು ಚದುರಿದ ಬೆಳಕನ್ನೇ ಅಳೆದು ಕಂಪ್ಯೂಟರಿನಲ್ಲಿ ಒಳಗಿನ ಚಿತ್ರ ಕಟ್ಟುವ ಟೋಮೋಗ್ರಫಿಯೂ ಇದೆ. ಅದರ ಚಿತ್ರ ಮಬ್ಬು.

ನಿಮ್ಮ ಲಿವರ್ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ, ಆಳದ ಅಂಗಗಳಿಗೆ ತೆಳು ಆಪ್ಟಿಕಲ್ ಫೈಬರನ್ನು ಸೂಜಿಯೊಳಗಿಂದ ಅಥವಾ ಎಂಡೋಸ್ಕೋಪ್ ಮೂಲಕ ಒಳಗೇ ಇಳಿಸಬೇಕು. ಅದೇ ಫೈಬರ್ ಬೆಳಕು ಕೊಡುತ್ತದೆ, ಅದೇ ಫೈಬರ್ ಹೊಳಪನ್ನು ವಾಪಸ್ ತರುತ್ತದೆ.

ಪ್ರಶ್ನೆ: ಪಾತ್ರೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ನೋಡಿದರೆ ಸಾಲದೇ? ಪ್ರಾಣಿಗಳಿಗೆ ಯಾಕೆ ಹಿಂಸೆ?

ನಿಮ್ಮ ಕಾಳಜಿ ಸರಿಯಾಗಿದೆ. ಪಾತ್ರೆಯಲ್ಲಿ ಆಗುವುದನ್ನೆಲ್ಲ ಪಾತ್ರೆಯಲ್ಲೇ ಮುಗಿಸಬೇಕು. ಆದರೆ ಪಿಡಿಟಿಯಲ್ಲಿ ಒಂದು ದೊಡ್ಡ ಪಾತ್ರಧಾರಿ ಪಾತ್ರೆಯಲ್ಲಿ ಇರುವುದೇ ಇಲ್ಲ, ಅದು ರಕ್ತನಾಳ.

ಪಾತ್ರೆಯಲ್ಲಿ ಕೋಶಗಳಿಗೆ ಗಾಳಿಯಿಂದ ಆಕ್ಸಿಜನ್ ಸಿಗುತ್ತಲೇ ಇರುತ್ತದೆ. ಗೆಡ್ಡೆಯೊಳಗೆ ಹಾಗಲ್ಲ. ಅಲ್ಲಿನ ರಕ್ತನಾಳಗಳು ಅಂಕುಡೊಂಕು, ಸೋರುವಂಥವು, ಕೆಲವು ಕಡೆ ಆಕ್ಸಿಜನ್ ಮೊದಲೇ ಕಡಿಮೆ. ಅದರ ಮೇಲೆ ಜೋರು ಬೆಳಕು ಬಿಟ್ಟರೆ ರಕ್ತ ತಂದುಕೊಡುವುದಕ್ಕಿಂತ ಬೇಗ ಆಕ್ಸಿಜನ್ ಖರ್ಚಾಗಿ, ಬೆಳಕು ಇದೆ, ಔಷಧಿ ಇದೆ, ಕೆಲಸ ಮಾತ್ರ ನಿಂತಿದೆ ಅನ್ನುವ ಸ್ಥಿತಿ ಬರುತ್ತದೆ. ಮಂದ ಬೆಳಕನ್ನು ಜಾಸ್ತಿ ಹೊತ್ತು ಕೊಡುವುದು, ಇಲ್ಲವೇ ನಡುವೆ ಬಿಡುವು ಕೊಡುವುದು ಕೆಲವೊಮ್ಮೆ ಚೆನ್ನಾಗಿ ಕೆಲಸ ಮಾಡುವುದು ಇದಕ್ಕೇ. ಪಾತ್ರೆಯಲ್ಲಿ ಇದು ಗೊತ್ತಾಗುವುದೇ ಇಲ್ಲ.

ಇದನ್ನು ನೋಡಲು ಇಲಿಯ ಬೆನ್ನಿನ ಚರ್ಮದ ಮಡಿಕೆಗೆ ಒಂದು ಹಗುರ ಚೌಕಟ್ಟು ಹಾಕಿ, ಒಂದು ಬದಿಯ ಚರ್ಮ ತೆಗೆದು ಗಾಜು ಕೂರಿಸುತ್ತಾರೆ. ಎಲ್ಲ ಅರಿವಳಿಕೆ ಕೊಟ್ಟೇ ಮಾಡುವುದು. ಆಮೇಲೆ ಅದೇ ಪ್ರಾಣಿಯ ಅದೇ ನಾಳಗಳನ್ನು ದಿನಗಟ್ಟಲೆ ನೋಡಬಹುದು, ಹಾಗಾಗಿ ಒಂದೊಂದು ಹೊತ್ತಿಗೆ ಒಂದೊಂದು ಪ್ರಾಣಿಯನ್ನು ಕೊಲ್ಲುವುದು ತಪ್ಪುತ್ತದೆ. ಔಷಧಿ ಚುಚ್ಚಿದ ಕೂಡಲೇ ನಾಳಗಳು ಬೆಳಗುತ್ತವೆ, ಸುತ್ತಲಿನ ಅಂಗಾಂಶ ಕಪ್ಪಾಗಿರುತ್ತದೆ. ಹೊತ್ತು ಕಳೆದಂತೆ ಹೊಳಪು ನಾಳದ ಗೋಡೆ ದಾಟಿ ಆಚೆ ಹರಡುತ್ತದೆ, ನಾಳಗಳೇ ಕಪ್ಪು ಗೆರೆಗಳಾಗುತ್ತವೆ. ಬೆಳಕು ಯಾವಾಗ ಬಿಡಬೇಕು ಅನ್ನುವುದು ಇದರ ಮೇಲೆ ನಿಂತಿದೆ. ಬೇಗ ಬಿಟ್ಟರೆ ಪೆಟ್ಟು ನಾಳಕ್ಕೆ, ತಡವಾಗಿ ಬಿಟ್ಟರೆ ಕೋಶಕ್ಕೆ. 2017ರಲ್ಲಿ ಯುರೋಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಪಡೆಲಿಪೋರ್ಫಿನ್ ಮೊದಲ ದಾರಿಯದು. ಅದು ನಾಳದೊಳಗೇ ಉಳಿಯುವ ಔಷಧಿ, ಬೆಳಕೂ ಕೂಡಲೇ ಬೀಳುತ್ತದೆ, ನಾಳ ಮುಚ್ಚಿಕೊಂಡು ಗೆಡ್ಡೆಗೆ ರಕ್ತ ನಿಲ್ಲುತ್ತದೆ.

ರಕ್ತ ನಿಂತಿತಾ ಇಲ್ಲವಾ ಅನ್ನುವುದನ್ನು ನೋಡಲು ಹೊಳಪೇ ಬೇಕಾಗಿಲ್ಲ. ಲೇಸರ್ ಬಿಟ್ಟಾಗ ಚರ್ಮದ ಮೇಲೆ ಕಾಣುವ ಕಾಳುಕಾಳಾದ ಚುಕ್ಕಿಗಳು ರಕ್ತ ಹರಿಯುವಲ್ಲಿ ಬೇಗ ಬೇಗ ಬದಲಾಗುತ್ತವೆ, ನಿಂತಲ್ಲಿ ನಿಲ್ಲುತ್ತವೆ. ಲೇಸರ್ ಸ್ಪೆಕಲ್ ಕ್ಯಾಮೆರಾ ಅದನ್ನೇ ಹಿಡಿಯುತ್ತದೆ. ಕಣ್ಣಿನ ಡಾಕ್ಟರು ರೆಟಿನಾ ನೋಡಲು ಬಳಸುವ ಒಸಿಟಿ ಯಂತ್ರದ ಬಂಧುವೊಂದು ಹರಿವಿನ ವೇಗವನ್ನೂ ಅಳೆಯುತ್ತದೆ.

ಪ್ರಶ್ನೆ: ಕೊಲ್ಲುವುದು ಸಿಂಗ್ಲೆಟ್ ಆಕ್ಸಿಜನ್ ಅಂದ ಮೇಲೆ ಅದನ್ನೇ ನೇರವಾಗಿ ನೋಡಬಾರದೇಕೆ?

ನೋಡಬಹುದು. ಅದು ತಣ್ಣಗಾಗುವಾಗ 1270 ನ್ಯಾನೋಮೀಟರ್‌ನಲ್ಲಿ ಒಂದು ಕ್ಷೀಣ ಬೆಳಕು ಬಿಡುತ್ತದೆ. ಕಷ್ಟ ಏನೆಂದರೆ, ಮೈಯೊಳಗೆ ಹುಟ್ಟಿದ ಬಹುಪಾಲು ಅಣುಗಳು ಬೆಳಕು ಬಿಡುವ ಮೊದಲೇ ಯಾವುದಕ್ಕಾದರೂ ಡಿಕ್ಕಿ ಹೊಡೆದು ಮುಗಿದಿರುತ್ತವೆ. ಆ ಅಲೆಯುದ್ದಕ್ಕೆ ಮಾಮೂಲಿ ಸಿಲಿಕಾನ್ ಕ್ಯಾಮೆರಾ ಪೂರ್ತಿ ಕುರುಡು, ಬೇರೆ ದುಬಾರಿ ಡಿಟೆಕ್ಟರ್ ಬೇಕು. ಟೊರಾಂಟೋದಲ್ಲಿ ಬ್ರಯಾನ್ ವಿಲ್ಸನ್ ಅವರ ತಂಡ 2002ರಲ್ಲಿ ಇದನ್ನು ಜೀವಂತ ಅಂಗಾಂಶದಲ್ಲಿ ಅಳೆದು ತೋರಿಸಿತು. ಆದರೂ ಮಾಮೂಲಿ ಕ್ಲಿನಿಕ್‌ನ ಉಪಕರಣವಾಗಿ ಅದು ಇನ್ನೂ ಬಂದಿಲ್ಲ.

ಪಕ್ಕದ ದಾರಿ ಒಂದಿದೆ. ಪ್ರೋಟೋಪಾರ್ಫಿರಿನ್-9 ಕೂಡಲೇ ಬಿಡುವ ಹೊಳಪಿನ ಹಿಂದೆ ತಡವಾಗಿ ಬರುವ ಒಂದು ಮಂದ ಹೊಳಪೂ ಇದೆ. ಸುತ್ತ ಆಕ್ಸಿಜನ್ ಕಡಿಮೆ ಇದ್ದಷ್ಟೂ ಅದು ಜಾಸ್ತಿ ಹೊತ್ತು ಉಳಿಯುತ್ತದೆ. ಅದು ಆರುವ ವೇಗ ಅಳೆದರೆ ಕೋಶದೊಳಗಿನ ಆಕ್ಸಿಜನ್ ಎಷ್ಟಿದೆ ಅಂತ ಗೊತ್ತಾಗುತ್ತದೆ. ಔಷಧಿಯೇ ಮೀಟರ್ ಆಗುವುದು ಅಂದರೆ ಇದು, ನನಗೆ ಈ ಇಡೀ ಕ್ಷೇತ್ರದಲ್ಲಿ ತುಂಬ ಇಷ್ಟವಾದ ಸಂಗತಿ.

ಪ್ರಶ್ನೆ: ಮೆದುಳಿನ ಆಪರೇಷನ್‌ನಲ್ಲಿ ಗೆಡ್ಡೆ ಗುಲಾಬಿ ಬಣ್ಣದಲ್ಲಿ ಹೊಳೆಯುವ ವಿಡಿಯೋ ನೋಡಿದೆ. ಅದೂ ಇದೇನಾ?

ಅದೂ ಇದೇ ಗುಂಪಿನ ಔಷಧಿ, ಕೆಲಸ ಬೇರೆ. ಅದರ ಹೆಸರು 5-ಎಎಲ್‌ಎ. ಆಪರೇಷನ್‌ಗೆ ಸುಮಾರು ಮೂರು ಗಂಟೆ ಮೊದಲು ರೋಗಿಗೆ ಕುಡಿಸುತ್ತಾರೆ, ದೇಹದ ತೂಕದ ಪ್ರತಿ ಕಿಲೋಗೆ 20 ಮಿಲಿಗ್ರಾಂ ಲೆಕ್ಕದಲ್ಲಿ. ಅದು ತಾನೇ ಹೊಳೆಯುವುದಿಲ್ಲ. ನಮ್ಮ ಕೋಶಗಳು ರಕ್ತಕ್ಕೆ ಬೇಕಾದ ಹೀಮ್ ತಯಾರಿಸುವ ಸಾಲಿನಲ್ಲಿ ಇದೊಂದು ಕಚ್ಚಾಮಾಲು. ಗ್ಲಿಯೋಮಾ ಅನ್ನುವ ಮೆದುಳಿನ ಗೆಡ್ಡೆಯ ಕೋಶಗಳಲ್ಲಿ ಆ ಸಾಲು ಕೊನೆಯ ಹೆಜ್ಜೆಯ ಹತ್ತಿರ ನಿಧಾನವಾಗಿ, ಪ್ರೋಟೋಪಾರ್ಫಿರಿನ್-9 ರಾಶಿ ಬೀಳುತ್ತದೆ. ನೀಲಿ ಬೆಳಕಿನಲ್ಲಿ ಅದು ಹೊಳೆಯುತ್ತದೆ, ಸರ್ಜನ್ ಹೊಳೆಯುವುದನ್ನು ತೆಗೆಯುತ್ತಾರೆ.

ಜರ್ಮನಿಯ ವಾಲ್ಟರ್ ಸ್ಟುಮ್ಮರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಕ್ಯಾನ್‌ನಲ್ಲಿ ಕಾಣುವ ಗೆಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾದದ್ದು ಈ ಔಷಧಿ ಕೊಟ್ಟವರಲ್ಲಿ 65 ಶೇಕಡ, ಮಾಮೂಲಿ ಬಿಳಿ ಬೆಳಕಿನಲ್ಲಿ ಮಾಡಿದವರಲ್ಲಿ 36 ಶೇಕಡ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2017ರಲ್ಲಿ. ಗೆಡ್ಡೆಯ ನಡುವೆ ಹೊಳಪು ಗಾಢ, ಅಂಚಿಗೆ ಬಂದಂತೆ ತೆಳು. ಆ ತೆಳು ಅಂಚಿನಲ್ಲಿ ಕಣ್ಣಿಗೆ ಏನೂ ಕಾಣದಿದ್ದರೂ ಕ್ಯಾನ್ಸರ್ ಕೋಶಗಳು ಇರಬಹುದು, ಇದನ್ನು ಸರ್ಜನ್‌ಗಳು ಚೆನ್ನಾಗಿಯೇ ಬಲ್ಲರು.

ಪ್ರಶ್ನೆ: ನಮ್ಮ ತಾಯಿಗೆ ಫೋಟೋಫ್ರಿನ್ ಕೊಡುತ್ತೇವೆ ಅಂದಿದ್ದಾರೆ. ತಿಂಗಳುಗಟ್ಟಲೆ ಕತ್ತಲಲ್ಲಿ ಇರಬೇಕು ಅಂತ ಯಾರೋ ಹೇಳಿ ಅಮ್ಮ ತುಂಬ ಹೆದರಿದ್ದಾರೆ. ಏನು ಮಾಡಬೇಕು?

ಅಮ್ಮನಿಗೆ ಮೊದಲು ಧೈರ್ಯ ಹೇಳಿ. ಬಿಸಿಲಿನಿಂದ ದೂರ ಇರಬೇಕು, ಕತ್ತಲಲ್ಲಿ ಕೂರಬೇಕಾಗಿಲ್ಲ. ಈ ಔಷಧಿ ಚರ್ಮದಲ್ಲೂ ಉಳಿಯುತ್ತದೆ. ಕನಿಷ್ಠ 30 ದಿನ ನೇರ ಬಿಸಿಲು, ಹತ್ತಿರದ ಪ್ರಖರ ದೀಪ ಎರಡೂ ಬೇಡ, ಕೆಲವರಿಗೆ 90 ದಿನದವರೆಗೂ ಎಚ್ಚರ ಬೇಕಾಗುತ್ತದೆ. ಮನೆಯೊಳಗಿನ ಮಾಮೂಲಿ ಬೆಳಕು ಮಾತ್ರ ಒಳ್ಳೆಯದೇ. ಚರ್ಮದಲ್ಲಿ ಉಳಿದ ಔಷಧಿ ಆ ಮಂದ ಬೆಳಕಿನಲ್ಲಿ ಚೂರುಚೂರೇ ಹಾಳಾಗಿ ಕಡಿಮೆಯಾಗುತ್ತದೆ.

ಮುಖ್ಯವಾದದ್ದು ಇನ್ನೊಂದು. ಸನ್‌ಸ್ಕ್ರೀನ್ ಹಚ್ಚಿದ್ದೇವಲ್ಲ ಅಂತ ಹೊರಗೆ ಹೋಗಬೇಡಿ. ಮಾಮೂಲಿ ಸನ್‌ಸ್ಕ್ರೀನ್ ತಡೆಯುವುದು ಅಲ್ಟ್ರಾವಯಲೆಟ್ ಕಿರಣ, ಈ ಔಷಧಿಯನ್ನು ಎಬ್ಬಿಸುವುದು ಕಣ್ಣಿಗೆ ಕಾಣುವ ಬೆಳಕು. ಪೂರ್ತಿ ತೋಳಿನ ದಪ್ಪ ಬಟ್ಟೆ, ಅಗಲ ಟೋಪಿ, ಕೈಗವಸು, ಕಪ್ಪು ಕನ್ನಡಕ ಬೇಕು. ಬೇರೆ ಯಾವ ಡಾಕ್ಟರ ಹತ್ತಿರ, ದಂತವೈದ್ಯರ ಹತ್ತಿರ ಹೋದರೂ ಮೊದಲೇ ಹೇಳಿ, ಅವರ ದೀಪಗಳು ತುಂಬ ಪ್ರಖರ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಕೆಂಪು ಬೆಳಕಿನದು, ಒಂದೇ ಬೆರಳಿನಲ್ಲಿ ಗಂಟೆಗಟ್ಟಲೆ ಬಿಡದಂತೆ ನರ್ಸ್‌ಗೆ ನೆನಪಿಸಿ. 30 ದಿನ ಆದ ಮೇಲೂ ಒಮ್ಮೆಲೇ ಬಿಸಿಲಿಗೆ ಹೋಗದೆ, ಮುಖ ಬಿಟ್ಟು ಬೇರೆ ಕಡೆಯ ಸ್ವಲ್ಪ ಚರ್ಮಕ್ಕೆ ಹತ್ತು ನಿಮಿಷ ಬಿಸಿಲು ತೋರಿಸಿ, 24 ಗಂಟೆ ಕಾಯಬೇಕು. ಕೆಂಪಾಗದಿದ್ದರೆ, ಊದದಿದ್ದರೆ, ಡಾಕ್ಟರನ್ನು ಕೇಳಿ ನಿಧಾನವಾಗಿ ಹೊರಗೆ ಹೋಗಬಹುದು.

1912ರಲ್ಲಿ ಫ್ರೀಡ್ರಿಶ್ ಮೇಯರ್-ಬೆಟ್ಜ್ ಅನ್ನುವ ಜರ್ಮನ್ ವೈದ್ಯರು ಇದೇ ಜಾತಿಯ ಹೆಮಾಟೋಪಾರ್ಫಿರಿನ್ 200 ಮಿಲಿಗ್ರಾಂ ತಮಗೇ ಚುಚ್ಚಿಕೊಂಡು ಬಿಸಿಲಿಗೆ ಹೋದರು. ಮುಖ ಗುರುತು ಸಿಗದಷ್ಟು ಊದಿಕೊಂಡಿತು, ಬಿಸಿಲು ತಡೆಯದ ಸ್ಥಿತಿ ವಾರಗಟ್ಟಲೆ ಉಳಿಯಿತು. ಇದು ಅಮ್ಮನಿಗೆ ಹೇಳಲಿಕ್ಕಲ್ಲ, ಮನೆಯ ಬೇರೆಯವರು ಹಗುರವಾಗಿ ತೆಗೆದುಕೊಳ್ಳಬಾರದು ಅಂತ ಬರೆದೆ.

ಪ್ರಶ್ನೆ: ಮನೆಯಲ್ಲೇ ಬಳಸುವ ಕೆಂಪು ದೀಪ ಮಾರುತ್ತಾರೆ. ಅದರಿಂದ ಕ್ಯಾನ್ಸರ್ ವಾಸಿಯಾಗುತ್ತದಾ?

ಇಲ್ಲ. ಔಷಧಿ ಇಲ್ಲದೆ ದೀಪ ಬರೀ ದೀಪ. ದಯವಿಟ್ಟು ಅದನ್ನು ನಂಬಿ ಡಾಕ್ಟರ ಹತ್ತಿರ ಹೋಗುವುದನ್ನು ತಡ ಮಾಡಬೇಡಿ.

ಪ್ರಶ್ನೆ: ಔಷಧಿ ಗೆಡ್ಡೆಗೆ ಮಾತ್ರ ಹೋಗುವಂತೆ ಮಾಡಲು ಆಗುವುದಿಲ್ಲವೇ?

ಆ ದಿಕ್ಕಿನಲ್ಲಿ ಒಂದು ದೊಡ್ಡ ಹೆಜ್ಜೆ ಬಿದ್ದಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಹಿಸಾತಾಕಾ ಕೊಬಯಾಶಿ ಅವರ ತಂಡ 2011ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಐಆರ್700 ಅನ್ನುವ ಬಣ್ಣವನ್ನು ಆಂಟಿಬಾಡಿಗೆ ಕಟ್ಟುತ್ತಾರೆ. ಆಂಟಿಬಾಡಿ ಕ್ಯಾನ್ಸರ್ ಕೋಶದ ಮೇಲ್ಮೈಯ ಗುರುತು ಹಿಡಿದು ಅಂಟಿಕೊಳ್ಳುತ್ತದೆ, 690 ನ್ಯಾನೋಮೀಟರ್ ಬೆಳಕು ಬಿದ್ದಾಗ ಕೋಶದ ಪೊರೆ ಹರಿದು ಕೋಶ ಒಡೆಯುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ 2020ರಲ್ಲಿ ಜಪಾನ್ ಒಪ್ಪಿಗೆ ಕೊಟ್ಟಿತು. ಈ ಬಣ್ಣವೂ ಹೊಳೆಯುತ್ತದೆ, ಬೆಳಕು ಕೊಟ್ಟಂತೆ ಹೊಳಪು ಇಳಿಯುತ್ತದೆ, ಅದನ್ನು ಕ್ಯಾಮೆರಾದಲ್ಲಿ ನೋಡುತ್ತ ಯಾವ ಮೂಲೆಗೆ ಬೆಳಕು ತಲುಪಿಲ್ಲ ಅಂತ ತಿಳಿಯಬಹುದು. ಹೊಳಪು ಇಳಿದದ್ದು ಬೆಳಕು ತಲುಪಿತು ಅನ್ನುವುದಕ್ಕೆ ಸಾಕ್ಷಿ. ಕೋಶ ಸತ್ತಿತು ಅನ್ನುವುದಕ್ಕೆ ಆಮೇಲಿನ ಸ್ಕ್ಯಾನ್, ಬಯಾಪ್ಸಿಯೇ ಬೇಕು.

ಪ್ರಶ್ನೆ: ಫಿಸಿಕ್ಸ್ ಎಂಎಸ್ಸಿ ಓದುತ್ತಿದ್ದೇನೆ. ಬಯಾಲಜಿ ಅಷ್ಟಾಗಿ ಗೊತ್ತಿಲ್ಲ. ಈ ಕ್ಷೇತ್ರಕ್ಕೆ ಬರಬಹುದಾ? ಎಲ್ಲಿಂದ ಶುರು ಮಾಡಲಿ?

ಖಂಡಿತ ಬನ್ನಿ. ಇಲ್ಲಿ ಬಾಕಿ ಇರುವ ಸಮಸ್ಯೆಗಳಲ್ಲಿ ಜಾಸ್ತಿ ಪಾಲು ಬೆಳಕಿನ ಲೆಕ್ಕದವೇ, ಬಯಾಲಜಿ ಜೊತೆಯವರಿಂದ ಕಲಿಯಬಹುದು. ಶುರುವಿಗೆ ಇಲಿಯೂ ಬೇಡ, ರೋಗಿಯೂ ಬೇಡ. ಡ್ರಿಪ್‌ನಲ್ಲಿ ಕೊಡುವ ಇಂಟ್ರಾಲಿಪಿಡ್ ಅನ್ನುವ ಬಿಳಿ ಕೊಬ್ಬಿನ ದ್ರಾವಣ ಬೆಳಕನ್ನು ಅಂಗಾಂಶದ ಹಾಗೇ ಚದುರಿಸುತ್ತದೆ. ಅದನ್ನು ನೀರಿಗೆ ಹಾಕಿ ಒಂದೆರಡು ಶೇಕಡಕ್ಕೆ ತೆಳು ಮಾಡಿ, ಹೀರಿಕೆಗೆ ಕೆಲವು ಹನಿ ಇಂಡಿಯಾ ಇಂಕ್ ಹಾಕಿ, ಜೆಲಟಿನ್‌ನಲ್ಲಿ ಗಟ್ಟಿ ಮಾಡಿದರೆ ಒಂದು ನಕಲಿ ಅಂಗಾಂಶ ಸಿದ್ಧ. ಪ್ರಯೋಗಾಲಯದಲ್ಲಿ ಇದಕ್ಕೆ ಫ್ಯಾಂಟಮ್ ಅನ್ನುತ್ತಾರೆ. ಅದರೊಳಗೆ ಬೇರೆ ಬೇರೆ ಆಳದಲ್ಲಿ ಗೊತ್ತಿರುವ ಪ್ರಮಾಣದ ಹೊಳೆಯುವ ಬಣ್ಣ ಇಡಿ. ಚಿತ್ರ ತೆಗೆಯಿರಿ. ಚಿತ್ರ ನೋಡಿ ಪ್ರಮಾಣವನ್ನೂ ಆಳವನ್ನೂ ಹೇಳಲು ಪ್ರಯತ್ನಿಸಿ, ಆಮೇಲೆ ನೀವೇ ಇಟ್ಟ ಲೆಕ್ಕದ ಜೊತೆ ಹೋಲಿಸಿ. ಇಂಕಿನ ಹನಿ ಎರಡರಷ್ಟು ಮಾಡಿ ಮತ್ತೆ ಅದನ್ನೇ ಮಾಡಿ. ಆ ಎರಡು ಉತ್ತರಗಳ ನಡುವಿನ ವ್ಯತ್ಯಾಸವನ್ನು ತಿದ್ದುವ ಲೆಕ್ಕ ನಿಮಗೆ ಹೊಳೆದರೆ, ಅದನ್ನು ತೆಗೆದುಕೊಂಡು ಯಾವ ಪಿಡಿಟಿ ಪ್ರಯೋಗಾಲಯದ ಬಾಗಿಲು ಬೇಕಾದರೂ ತಟ್ಟಬಹುದು.